ಕವರಿನಲ್ಲಿ ಒಬ್ಬರು, ಕಂಠ ಇನ್ನೊಬ್ಬರದ್ದು

ಹೋದ ತಿಂಗಳು ಇದೇ ಅಂಕಣದಲ್ಲಿ, ಟೀವಿಯ ಹಾಸ್ಯ ಧಾರಾವಾಹಿಗಳ ನಟರೇ ಸೇರಿ ಹಾಡಿದ ಹಳೆಯ ಎಲ್‌ಪಿ (ಒಂದೊಂದು ಬದಿಯಲ್ಲೂ ಹಲವು ಹಾಡು ಹಿಡಿಯುವ ದೊಡ್ಡ) ರೆಕಾರ್ಡುಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಮಂಗಳೂರು, ಉಡುಪಿ ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ಬರಬೇಕಾದ್ದೇ. ಹಡಗು, ಬೊಂಬಾಯಿ, ಕುವೈತ್, ಬಹ್ರೇನ್ ಅಂತ ಯಾರೂ ಹೋಗದ ಮನೆ ನಮ್ಮ ಊರಲ್ಲಿ ಕಡಿಮೆ. ಅವರು ಪೆಟ್ಟಿಗೆಯಲ್ಲಿ ತಂದ ರೆಕಾರ್ಡುಗಳು ಇವತ್ತಿಗೂ ಎಷ್ಟೋ ಅಟ್ಟಗಳಲ್ಲಿ ಉಂಟು. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: ನಮ್ಮ ದೊಡ್ಡಪ್ಪ ಹಡಗಿನಲ್ಲಿ ಕೆಲಸಕ್ಕಿದ್ದವರು. ಅವರು ತೀರಿಕೊಂಡ ಮೇಲೆ ಪೆಟ್ಟಿಗೆ ತೆರೆದರೆ ಇಂಗ್ಲಿಷ್ ರೆಕಾರ್ಡುಗಳು ಸಿಕ್ಕಿದವು. ಒಂದರ ಮೇಲೆ "ಹೋಗನ್ಸ್ ಹೀರೋಸ್" ಎರಡನೇ ಮಹಾಯುದ್ಧದ ಹಾಡುಗಳನ್ನು ಹಾಡುತ್ತಾರೆ ಅಂತ ಬರೆದಿದೆ. ಇದು ಎಂತ ಸಾರ್? ಇಟ್ಟುಕೊಳ್ಳುವಂಥದ್ದಾ?
(ಕಿನ್ನಿಗೋಳಿಯಿಂದ ಒಬ್ಬ ಓದುಗರು)

ಉತ್ತರ: ಇಟ್ಟುಕೊಳ್ಳಿ. ಯಾರು ಕೇಳಿದರೂ ಕೊಡಬೇಡಿ.

ಹೋಗನ್ಸ್ ಹೀರೋಸ್ ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 1965ರಿಂದ 1971ರವರೆಗೆ ಬಂದ ಹಾಸ್ಯ ಧಾರಾವಾಹಿ. ಜರ್ಮನಿಯ ಯುದ್ಧಕೈದಿಗಳ ಒಂದು ಶಿಬಿರ. ಅಲ್ಲಿ ಸೆರೆಯಾದ ಅಮೆರಿಕ, ಇಂಗ್ಲೆಂಡ್, ಫ್ರಾನ್ಸ್‌ನ ಸೈನಿಕರು ಜರ್ಮನ್ ಅಧಿಕಾರಿಗಳ ಮೂಗಿನ ಕೆಳಗೇ ಸುರಂಗ ತೋಡಿ ಗೂಢಚಾರಿಕೆ ಮಾಡುತ್ತಾರೆ. ಧಾರಾವಾಹಿ ಶುರುವಾದ ಮರುವರ್ಷ, 1966ರಲ್ಲಿ, ಸನ್‌ಸೆಟ್ ಎಂಬ ಅಗ್ಗದ ರೆಕಾರ್ಡುಗಳ ಬ್ರ್ಯಾಂಡಿನಲ್ಲಿ ನಿಮ್ಮ ಕೈಯಲ್ಲಿರುವ ರೆಕಾರ್ಡು ಬಂತು. ಹಾಡಿದವರು ನಾಲ್ವರು: ರಾಬರ್ಟ್ ಕ್ಲಾರಿ, ರಿಚರ್ಡ್ ಡಾಸನ್, ಐವನ್ ಡಿಕ್ಸನ್, ಲ್ಯಾರಿ ಹೋವಿಸ್. ನಾಯಕ ನಟ ಬಾಬ್ ಕ್ರೇನ್ ಇದರಲ್ಲಿ ಹಾಡಿಲ್ಲ. ಅವರು ಒಳ್ಳೆಯ ಡ್ರಮ್ಮರ್. ಅದೇ ವರ್ಷ ಟೀವಿ ಧಾರಾವಾಹಿಗಳ ಶೀರ್ಷಿಕೆ ಸಂಗೀತವನ್ನು ಡ್ರಮ್ ಬಾರಿಸುತ್ತ ನುಡಿಸಿದ ಅವರದ್ದೇ ಬೇರೆ ಎಲ್‌ಪಿ ಬಂತು.

ಇಲ್ಲಿಯವರೆಗೆ ಕೇಳಿದರೆ ಸುಮ್ನೆ ದುಡ್ಡಿಗಾಗಿ ಮಾಡಿದ್ದು ಅನಿಸುತ್ತದೆ, ಅಲ್ವಾ? ಅಂಗಡಿಯವರೂ ಹಾಗೇ ತಿಳಿದು ಇಂಥದ್ದನ್ನು "ತಮಾಷೆ ರೆಕಾರ್ಡು" ಅಂತ ಮೂಲೆಗೆ ಹಾಕುತ್ತಾರೆ. ಆದರೆ ಆ ನಾಲ್ವರಲ್ಲಿ ರಾಬರ್ಟ್ ಕ್ಲಾರಿ ಯಾರು ಅಂತ ತಿಳಿದುಕೊಂಡು ಕೇಳಿ. ಅವರು 1926ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಯಹೂದಿ. 14 ಮಕ್ಕಳಲ್ಲಿ ಕೊನೆಯವರು. ಚಿಕ್ಕಂದಿನಿಂದ ಹಾಡುವ ಹುಚ್ಚು. 1942ರಲ್ಲಿ, ಹದಿನಾರರ ಹುಡುಗನಾಗಿದ್ದಾಗ, ನಾಜಿಗಳು ಮನೆಯವರ ಸಮೇತ ಹಿಡಿದುಕೊಂಡು ಹೋದರು. ತಂದೆ ತಾಯಿಯನ್ನು ಆಶ್ವಿಟ್ಜ್ ಎಂಬ ಸಾವಿನ ಶಿಬಿರದಲ್ಲಿ ಕೊಂದರು. ಕುಟುಂಬದಲ್ಲಿ ಒಟ್ಟು 12 ಜನ ಹೋದರು. ಇವರು ಶಿಬಿರದಿಂದ ಶಿಬಿರಕ್ಕೆ ಸಾಗಿ ಕೊನೆಗೆ ಬುಖನ್‌ವಾಲ್ಡ್ ಸೇರಿದರು. ಅಲ್ಲಿ ಭಾನುವಾರಗಳಲ್ಲಿ ಅಕಾರ್ಡಿಯನ್ ನುಡಿಸುವ ಇನ್ನೊಬ್ಬ ಕೈದಿಯ ಜೊತೆ ಹಾಡುತ್ತಿದ್ದರು. ಎದುರು ಕೂತು ಕೇಳುತ್ತಿದ್ದವರು ನಾಜಿಗಳ ಎಸ್‌ಎಸ್ ಪಡೆಯ ಸೈನಿಕರು. ತಾನು ಬದುಕಿ ಉಳಿದದ್ದರಲ್ಲಿ ಆ ಹಾಡಿಗೂ ಪಾಲಿದೆ ಎಂದು ಮುಂದೆ ಅವರೇ ಹೇಳಿಕೊಂಡರು. 1945ರ ಏಪ್ರಿಲ್‌ನಲ್ಲಿ ಬಿಡುಗಡೆ ಆಯಿತು. ಕೈ ಮೇಲೆ ನಾಜಿಗಳು ಹಚ್ಚೆ ಹೊಯ್ದ ನಂಬರು ಹಾಗೇ ಉಳಿಯಿತು.

ಯುದ್ಧ ಮುಗಿದ ಮೇಲೆ ಅವರು ಹೆಸರು ಮಾಡಿದ್ದು ಗಾಯಕರಾಗಿ. ನಟನೆಗೆ ಹೆಚ್ಚಿನ ಹೆಸರು ಬಂದದ್ದು ಆಮೇಲೆ. ಹೀಗಿದ್ದವರು ನಾಜಿಗಳ ಮೇಲಿನ ಹಾಸ್ಯ ಧಾರಾವಾಹಿಯಲ್ಲಿ ಲೆಬೋ ಎಂಬ ಫ್ರೆಂಚ್ ಕೈದಿಯ ಪಾತ್ರ ಒಪ್ಪಿಕೊಂಡರು. ಯಾಕೆ ಅಂತ ಕೇಳಿದವರಿಗೆ, ಯುದ್ಧಕೈದಿಗಳ ಶಿಬಿರವೇ ಬೇರೆ, ತಾನಿದ್ದ ಯಾತನಾ ಶಿಬಿರವೇ ಬೇರೆ ಎಂದು ಬಿಡಿಸಿ ಹೇಳುತ್ತಿದ್ದರು. ಅದರಲ್ಲಿ ಜರ್ಮನ್ ಕರ್ನಲ್ ಕ್ಲಿಂಕ್ ಆಗಿ ನಟಿಸಿದ ವರ್ನರ್ ಕ್ಲೆಂಪರರ್ ಕೂಡ ಜರ್ಮನಿ ಬಿಟ್ಟು ಓಡಿಬಂದ ಯಹೂದಿ ಕುಟುಂಬದವರೇ. ಪಾಶ್ಚಾತ್ಯ ಆರ್ಕೆಸ್ಟ್ರಾಗಳನ್ನು ನಡೆಸುತ್ತಿದ್ದ ದೊಡ್ಡ ಕಂಡಕ್ಟರ್ ಓಟೋ ಕ್ಲೆಂಪರರ್ ಅವರ ಮಗ. ಕ್ಲಿಂಕ್ ಒಂದು ಸಲವೂ ಗೆಲ್ಲಬಾರದು ಎಂಬ ಷರತ್ತಿನ ಮೇಲೆ ಪಾತ್ರ ಒಪ್ಪಿಕೊಂಡವರು ಅವರು.

ಹಾಗಾಗಿ ಆ ಎಲ್‌ಪಿಯಲ್ಲಿ ಕ್ಲಾರಿ ಯುದ್ಧಕಾಲದ ಹಾಡು ಹಾಡುವುದು, ಯಾರೋ ಸ್ಟುಡಿಯೋಕ್ಕೆ ಬಂದು ವೇಷ ಹಾಕಿ ಹಾಡಿದ ಹಾಗಲ್ಲ. 2022ರಲ್ಲಿ, 96ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ನಿಮ್ಮ ದೊಡ್ಡಪ್ಪ ಯಾವ ಬಂದರಿನಲ್ಲಿ ಅದನ್ನು ಕೊಂಡರೋ, ಒಳ್ಳೆಯದನ್ನೇ ಆರಿಸಿದ್ದಾರೆ.

ಪ್ರಶ್ನೆ: ನಟನೆ ಮಾಡುವವರ ಕೈಯಲ್ಲಿ ಹಾಡಿಸಿ ರೆಕಾರ್ಡು ಮಾರುವ ಐಡಿಯಾ ಬಂದದ್ದಾದರೂ ಹೇಗೆ?
(ಮಣಿಪಾಲದ ವಿದ್ಯಾರ್ಥಿನಿ)

ಉತ್ತರ: ನೀವು ಇವತ್ತು ಇಷ್ಟದ ಸೀನನ್ನು ಮೊಬೈಲಿನಲ್ಲಿ ಎಷ್ಟು ಸಲ ಬೇಕಾದರೂ ನೋಡಬಹುದು. ಆಗ ಹಾಗಿರಲಿಲ್ಲ. ಧಾರಾವಾಹಿ ಪ್ರಸಾರವಾದ ಹೊತ್ತಿಗೆ ಟೀವಿ ಮುಂದೆ ಇದ್ದರೆ ನೋಡಿದಿರಿ. ಇಲ್ಲವಾದರೆ ಚಾನೆಲ್‌ನವರು ಮತ್ತೊಮ್ಮೆ ಹಾಕುವವರೆಗೆ ಕಾಯಬೇಕು. ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ ಜಪಾನಿನಲ್ಲಿ ಬಂದದ್ದೇ 1976ರಲ್ಲಿ. ಅದಕ್ಕೆ ಮೊದಲು ಇಷ್ಟದ ಪಾತ್ರವನ್ನು ಮನೆಗೆ ತರಬೇಕು ಅಂದರೆ ಅದರ ದನಿಯನ್ನು ತರಬೇಕು, ಅಷ್ಟೇ.

ಬ್ರಿಟನ್ನಿನ ಬಿಬಿಸಿಯಂತೂ ಟೇಪು ದುಬಾರಿ ಅಂತ ಹಳೆಯ ಕಾರ್ಯಕ್ರಮ ಅಳಿಸಿ ಅದರ ಮೇಲೇ ಹೊಸದನ್ನು ತುಂಬಿಸುತ್ತಿತ್ತು. ಡ್ಯಾಡ್ಸ್ ಆರ್ಮಿ ಎಂಬ ಬಹಳ ಜನಪ್ರಿಯ ಧಾರಾವಾಹಿಯ ಎರಡನೇ ಸರಣಿಯ ಮೂರು ಕಂತುಗಳು ಇವತ್ತಿಗೂ ಇಲ್ಲ. ಅದರಲ್ಲಿ ಒಂದರ ಧ್ವನಿ ಮಾತ್ರ ಎಲ್ಲಿಯೋ ಸಿಕ್ಕಿತು. ಆ ಧ್ವನಿಗೆ 2016ರಲ್ಲಿ ಅನಿಮೇಷನ್ ಚಿತ್ರ ಕೂಡಿಸಿ ಮತ್ತೆ ಹೊರಗೆ ತಂದರು. ಚಿತ್ರ ಹೋಗಿ ದನಿ ಉಳಿಯುವುದು ಅಂದರೆ ಇದು.

ಇನ್ನೊಂದು ಕಾರಣ ಶುದ್ಧ ವ್ಯಾಪಾರ. ಧಾರಾವಾಹಿ ಮಾಡುವವರ ಕೈಯಲ್ಲೇ ರೆಕಾರ್ಡ್ ಕಂಪನಿಯೂ ಇತ್ತು. ಬ್ರೇಡಿ ಬಂಚ್ ಎಂಬ ಧಾರಾವಾಹಿ ಮಾಡಿದ್ದು ಪ್ಯಾರಮೌಂಟ್, ಅದರ ಮಕ್ಕಳು ಹಾಡಿದ ಎಲ್‌ಪಿ ಬಂದದ್ದು ಪ್ಯಾರಮೌಂಟ್ ರೆಕಾರ್ಡ್ಸ್‌ನಿಂದ. ಪಾರ್ಟ್ರಿಜ್ ಫ್ಯಾಮಿಲಿ ಎಂಬ ಇನ್ನೊಂದು ಧಾರಾವಾಹಿ ಮಾಡಿದ ಸ್ಕ್ರೀನ್ ಜೆಮ್ಸ್ ಕೊಲಂಬಿಯಾ ಪಿಕ್ಚರ್ಸ್‌ನ ಅಂಗ, ಅದರ ಹಾಡು ಹೊರಡಿಸಿದ ಬೆಲ್ ರೆಕಾರ್ಡ್ಸ್ ಕೂಡ ಕೊಲಂಬಿಯಾ ಪಿಕ್ಚರ್ಸ್‌ನದ್ದೇ. ಪ್ರತಿ ವಾರ ಟೀವಿಯಲ್ಲಿ ಅರ್ಧ ಗಂಟೆ ಪುಕ್ಕಟೆ ಜಾಹೀರಾತು, ಮರುದಿನ ಅಂಗಡಿಯಲ್ಲಿ ರೆಕಾರ್ಡು. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಧಾರಾವಾಹಿ ನಿಂತ ಮೇಲೆ ಕೇಳುವವರಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪ್ರಶ್ನೆ: ಕವರಿನಲ್ಲಿ ಫೋಟೋ ನಟರದ್ದು, ಒಳಗೆ ಹಾಡಿದವರು ಬೇರೆ ಯಾರೋ ಅಂತ ನೀವು ಹೋದ ತಿಂಗಳು ಬರೆದಿದ್ದಿರಿ. ಅದರಲ್ಲಿ ಮೋಸ ಎಂತದು ಮಾರಾಯ್ರೇ? ನಮ್ಮ ಯಕ್ಷಗಾನದಲ್ಲೂ ವೇಷಧಾರಿ ಹಾಡುವುದಿಲ್ಲ, ಭಾಗವತರೇ ಹಾಡುವುದು. ಸಿನಿಮಾದಲ್ಲೂ ಅದೇ.
(ಕುಂದಾಪುರದ ಯಕ್ಷಗಾನ ಅಭಿಮಾನಿ)

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದಿರಿ. ಈ ಸಲದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಯೋಚಿಸುವಂತೆ ಮಾಡಿದ್ದು ನಿಮ್ಮದೇ.

ಇನ್ನೊಬ್ಬರು ಹಾಡುವುದರಲ್ಲಿ ತಪ್ಪಿಲ್ಲ, ಒಪ್ಪುತ್ತೇನೆ. ಆದರೆ ರಂಗಸ್ಥಳ ನೋಡಿ. ಭಾಗವತರು ಎಲ್ಲಿ ಕೂತಿರುತ್ತಾರೆ? ಎಲ್ಲರ ಕಣ್ಣಿಗೆ ಬೀಳುವ ಹಾಗೆ, ಹಿಂದೆ ನಡುವಿನಲ್ಲಿ, ಕೈಯಲ್ಲಿ ತಾಳ ಹಿಡಿದು. ಪದ್ಯ ಅವರದ್ದು, ಕುಣಿತ ಮತ್ತು ಅರ್ಥ ವೇಷಧಾರಿಯದ್ದು. ಇದರಲ್ಲಿ ಗುಟ್ಟಿಲ್ಲ. ಹ್ಯಾಂಡ್‌ಬಿಲ್ಲಿನಲ್ಲಿ ಅವರ ಹೆಸರು ಇರುತ್ತದೆ. ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ಹೋದರು, ನಿಮ್ಮ ಕುಂದಾಪುರ ಕಡೆ ಅವರ ಪದ್ಯ ಇವತ್ತಿಗೂ ಕೇಳುತ್ತದೆ. ಅವರ ಕ್ಯಾಸೆಟ್ ಕೊಳ್ಳುವವರು ನಾವಡರ ಹೆಸರು ನೋಡಿಯೇ ಕೊಳ್ಳುತ್ತಿದ್ದರು. ಹಾಡಿದವರು ಯಾರು ಅಂತ ಅಂಗಡಿಯವನ ಹತ್ತಿರ ಕೇಳುವ ಪ್ರಮೇಯವೇ ಇರಲಿಲ್ಲ.

ಈಗ ಪಾರ್ಟ್ರಿಜ್ ಫ್ಯಾಮಿಲಿ ನೋಡಿ. 1970ರಲ್ಲಿ ಶುರುವಾದ ಧಾರಾವಾಹಿ. ಅಮ್ಮ ಮತ್ತು ಐದು ಮಕ್ಕಳು ಬಣ್ಣಬಣ್ಣದ ಬಸ್ಸಿನಲ್ಲಿ ಊರೂರು ಸುತ್ತಿ ಹಾಡುವ ಕಥೆ. ಅವರ ಮೊದಲ ಹಾಡು ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನಂಬರ್ ಒನ್. ಟೀವಿಯಲ್ಲಿ ಆರು ಜನವೂ ವಾದ್ಯ ಹಿಡಿದು ಹಾಡುತ್ತಾರೆ. ರೆಕಾರ್ಡಿನಲ್ಲಿ ನಿಜವಾಗಿ ಹಾಡಿದ ನಟರು ಇಬ್ಬರೇ: ದೊಡ್ಡ ಮಗನಾಗಿ ನಟಿಸಿದ ಡೇವಿಡ್ ಕ್ಯಾಸಿಡಿ, ಅಮ್ಮನಾಗಿ ನಟಿಸಿದ ಶರ್ಲಿ ಜೋನ್ಸ್. ನಿಜಜೀವನದಲ್ಲಿ ಆಕೆ ಅವನ ಮಲತಾಯಿ. ಉಳಿದ ನಾಲ್ಕು ಮಕ್ಕಳು ಬರೀ ತುಟಿ ಆಡಿಸಿದ್ದು. ಹಿಂದಿನಿಂದ ಆ ಚೆಂದದ ಗುಂಪು ದನಿ ಕೇಳುತ್ತದಲ್ಲ, ಅದು ರಾನ್ ಹಿಕ್ಲಿನ್, ಜ್ಯಾಕಿ ವಾರ್ಡ್, ಜಾನ್ ಮತ್ತು ಟಾಮ್ ಬೇಲರ್ ಎಂಬ ಸ್ಟುಡಿಯೋ ಗಾಯಕರದ್ದು. ಅವರು ನುರಿತ ಹಾಡುಗಾರರು. ಒಂದೇ ದಿನದಲ್ಲಿ ಇಲ್ಲಿ ಜಾಹೀರಾತು, ಅಲ್ಲಿ ಸಿನಿಮಾ, ಮತ್ತೊಂದು ಕಡೆ ಯಾರದ್ದೋ ರೆಕಾರ್ಡು ಅಂತ ಹಾಡುವವರು. ಲಕ್ಷಗಟ್ಟಲೆ ಮನೆಗಳಲ್ಲಿ ಅವರ ದನಿ ಕೇಳಿತು. ಹೆಸರು ಯಾರಿಗೆ ಗೊತ್ತು?

ದಿ ಮನ್‌ಸ್ಟರ್ಸ್ ಎಂಬ ದೆವ್ವದ ಕುಟುಂಬದ ಹಾಸ್ಯ ಧಾರಾವಾಹಿಯದ್ದು ಇನ್ನೂ ಒಂದು ಹೆಜ್ಜೆ ಮುಂದೆ. 1964ರಲ್ಲಿ ಡೆಕ್ಕಾ ಕಂಪನಿ ಹೊರಡಿಸಿದ ಅದರ ಎಲ್‌ಪಿಯಲ್ಲಿ ಆ ನಟರಲ್ಲಿ ಒಬ್ಬರ ದನಿಯೂ ಇಲ್ಲ, ಎಲ್ಲ ಸ್ಟುಡಿಯೋದವರದ್ದೇ.

ಸಿನಿಮಾ ಅಂದಿರಲ್ಲ, ಅಲ್ಲಿಯೂ ಈ ಜಗಳ ಆಗಿದೆ. 1949ರ ಹಿಂದಿ ಚಿತ್ರ ಮಹಲ್‌ನಲ್ಲಿ ಲತಾ ಮಂಗೇಶ್ಕರ್ ಹಾಡಿದ "ಆಯೇಗಾ ಆನೇವಾಲಾ" ರೆಕಾರ್ಡಿನ ಮೇಲೆ ಮೊದಲು ಅಚ್ಚಾದ ಹೆಸರು ಕಾಮಿನಿ. ಅದು ಮಧುಬಾಲಾ ಮಾಡಿದ ಪಾತ್ರದ ಹೆಸರು! ಕೇಳಿದವರು ರೇಡಿಯೋಗೆ ಬರೆದು, ಇದನ್ನು ಹಾಡಿದ್ದು ಯಾರು ಹೇಳಿ ಅಂತ ಪಟ್ಟು ಹಿಡಿದರು. ಆಮೇಲೆ ಲತಾ ಹೆಸರು ಹೊರಗೆ ಬಂತು. ಹಿನ್ನೆಲೆ ಗಾಯಕರ ಹೆಸರನ್ನು ನಾವು ಇವತ್ತು ಇಷ್ಟು ಪ್ರೀತಿಯಿಂದ ಹೇಳುತ್ತೇವೆ ಅಂದರೆ, ಯಾರೋ ಕೇಳಿದ್ದಕ್ಕೆ, ಯಾರೋ ಹಟ ಮಾಡಿದ್ದಕ್ಕೆ. ಮೋಸ ಅನ್ನುವ ಮಾತನ್ನು ನಾನು ಆಡುವುದು ಇಷ್ಟಕ್ಕೇ. ಹಾಡಲಿ, ಹೆಸರು ಹಾಕಲಿ.

ರೆಕಾರ್ಡು ಕೈಗೆ ಬಂದರೆ ಮುಖಪುಟ ಬಿಡಿ, ಹಿಂದುಗಡೆ ತಿರುಗಿಸಿ. ಸಣ್ಣ ಅಕ್ಷರದಲ್ಲಿ ಏನಿದೆ ಓದಿ. ಆಮೇಲೆ ರೆಕಾರ್ಡಿನ ನಡುವಿನ ಲೇಬಲ್ ನೋಡಿ. ಧಾರಾವಾಹಿಯ ಹೆಸರು ಮಾತ್ರ ಇದ್ದು ಹಾಡಿದವರ ಹೆಸರು ಎರಡೂ ಕಡೆ ಇಲ್ಲದಿದ್ದರೆ, ಒಳಗಿನ ದನಿ ಕವರಿನವರದ್ದಲ್ಲ ಎಂಬ ಅನುಮಾನ ಇಟ್ಟುಕೊಂಡೇ ಕೇಳಿ.

ಪ್ರಶ್ನೆ: ಲಂಡನ್ನಿನಲ್ಲಿರುವ ಮಗಳು 1975ರ ಒಂದು ಸಣ್ಣ ರೆಕಾರ್ಡು ತಂದುಕೊಟ್ಟಳು. ಡಾನ್ ಎಸ್ಟೆಲ್ ಮತ್ತು ವಿಂಡ್ಸರ್ ಡೇವಿಸ್ ಹಾಡಿದ್ದು. ಹಾಡು ತುಂಬಾ ಹಿಡಿಸಿತು. ಆದರೆ ಅದು ಬ್ರಿಟಿಷ್ ಕಾಲದ ಇಂಡಿಯಾವನ್ನು ಹಾಸ್ಯ ಮಾಡಿದ ಧಾರಾವಾಹಿಯದ್ದು ಅಂತ ಒಬ್ಬರು ಹೇಳಿದರು. ಮನಸ್ಸಿಗೆ ಸ್ವಲ್ಪ ಕಸಿವಿಸಿ. ಕೇಳಬಹುದಾ?
(ಬಿಜೈಯ ನಿವೃತ್ತ ಬ್ಯಾಂಕ್ ಉದ್ಯೋಗಿ)

ಉತ್ತರ: ಕೇಳಿ. ಕಸಿವಿಸಿಯನ್ನೂ ಬಿಡಬೇಡಿ, ಅದಕ್ಕೂ ಕಾರಣ ಇದೆ.

ಧಾರಾವಾಹಿಯ ಹೆಸರು ಇಟ್ ಏಂಟ್ ಹಾಫ್ ಹಾಟ್ ಮಮ್. 1974ರಿಂದ 1981ರವರೆಗೆ ಬಿಬಿಸಿಯಲ್ಲಿ ಬಂತು. ಕಥೆ ಶುರುವಾಗುವುದು 1945ರಲ್ಲಿ, ನಾಸಿಕದ ಹತ್ತಿರದ ದೇವಳಾಲಿ ದಂಡಿನಲ್ಲಿ. ಸೈನಿಕರನ್ನು ರಂಜಿಸಲು ನಾಟಕ, ಹಾಡು ಮಾಡುವ ಒಂದು ತಂಡ. ಬರೆದ ಜಿಮ್ಮಿ ಪೆರಿ ಅಲ್ಲಿಯೇ ಅಂಥ ತಂಡದಲ್ಲಿ ಇದ್ದವರು, ಜೊತೆಗೆ ಬರೆದ ಡೇವಿಡ್ ಕ್ರಾಫ್ಟ್ ಕೂಡ ಸೈನ್ಯದಲ್ಲಿದ್ದು ಇಂಡಿಯಾ ಕಂಡವರು. ಚಿತ್ರೀಕರಣ ಮಾತ್ರ ಇಂಗ್ಲೆಂಡಿನಲ್ಲಿ.

ಡಾನ್ ಎಸ್ಟೆಲ್ ಪಾತ್ರದ ಹೆಸರು ಲಾಫ್ಟಿ. ತುಂಬಾ ಕುಳ್ಳು, ದುಂಡಗೆ, ತಲೆಯ ಮೇಲೆ ಆಳಿಗಿಂತ ದೊಡ್ಡದು ಅನ್ನುವ ಹಾಗೆ ಒಂದು ಟೊಪ್ಪಿ. ಬಾಯಿ ತೆರೆದರೆ ಜೇನಿನಂಥ ಕಂಠ. ವಿಂಡ್ಸರ್ ಡೇವಿಸ್ ಸಾರ್ಜೆಂಟ್ ಮೇಜರ್, ಮೀಸೆ ತಿರುವಿ ಗದರುವವನು, ಈ ಹಾಡು ಕುಣಿತ ಕಂಡರಾಗದು ಅವನಿಗೆ. "ವಿಸ್ಪರಿಂಗ್ ಗ್ರಾಸ್" 1940ರಲ್ಲಿ ಫ್ರೆಡ್ ಫಿಶರ್ ಮತ್ತು ಮಗಳು ಡೋರಿಸ್ ಫಿಶರ್ ಬರೆದ ಹಳೆಯ ಹಾಡು. ಅದನ್ನು ಎಸ್ಟೆಲ್ ಒಂದು ಚೂರೂ ತಮಾಷೆ ಬೆರೆಸದೆ, ಮನಸಾರೆ ಹಾಡುತ್ತಾರೆ. ನಡುವೆ ಡೇವಿಸ್ ಸಾರ್ಜೆಂಟ್ ಮೇಜರನ ಆ ಗಡಸು ದನಿಯಲ್ಲೇ ಸಾಲುಗಳನ್ನು ಹೇಳುತ್ತಾರೆ. ಪಾತ್ರ ಬಿಟ್ಟಿಲ್ಲ, ಹಾಡನ್ನೂ ಕೆಡಿಸಿಲ್ಲ. ಈ ಬಗೆಯ ರೆಕಾರ್ಡುಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. 1975ರ ಜೂನ್‌ನಲ್ಲಿ ಮೂರು ವಾರ ಬ್ರಿಟನ್ನಿನಲ್ಲಿ ನಂಬರ್ ಒನ್ ಆಗಿತ್ತು.

ಇನ್ನು ಕಸಿವಿಸಿ. ಅದರಲ್ಲಿ ರಂಗಿ ರಾಮ್ ಎಂಬ ಭಾರತೀಯ ಸೇವಕನ ಪಾತ್ರ ಮಾಡಿದ್ದು ಮೈಕಲ್ ಬೇಟ್ಸ್ ಎಂಬ ಇಂಗ್ಲಿಷ್ ನಟ, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು. ಅವರು ಹುಟ್ಟಿದ್ದು ಝಾನ್ಸಿಯಲ್ಲಿ, ಹಿಂದೂಸ್ತಾನಿ ಬರುತ್ತಿತ್ತು ಎಂದು ಸಮರ್ಥಿಸುವವರು ಇದ್ದಾರೆ. ನನಗೆ ಆ ಸಮರ್ಥನೆ ಸಾಲದು. ಢಾಕಾದಲ್ಲಿ ಹುಟ್ಟಿದ ಡಿನೋ ಶಫೀಕ್ ಚಹಾ ಮಾರುವವನ ಪಾತ್ರದಲ್ಲಿ ಅದೇ ಧಾರಾವಾಹಿಯಲ್ಲಿ ಇದ್ದರು. ನಮ್ಮ ಕಡೆಯ ನಟರು ಸಿಗಲಿಲ್ಲ ಎಂದು ಹೇಳುವ ಹಾಗೆಯೂ ಇಲ್ಲ.

ಆ ಶಫೀಕ್ ಅವರ ಬಗ್ಗೆ ಒಂದು ಮಾತು. ಕಂತು ಮುಗಿದು ಹೆಸರುಗಳು ಬರುವಾಗ ಅವರು ಬ್ರಿಟಿಷರ ದೇಶಭಕ್ತಿಯ ಹಾಡೊಂದನ್ನು ಹಾಡಲು ಶುರು ಮಾಡುತ್ತಾರೆ. ಸಾರ್ಜೆಂಟ್ ಮೇಜರ್ "ಬಾಯ್ಮುಚ್ಚು" ಎಂದು ಅಬ್ಬರಿಸುತ್ತಾನೆ. ಹಾಡು ಅಲ್ಲಿಗೆ ನಿಲ್ಲುತ್ತದೆ. ನೋಡುವವರು ನಗುತ್ತಾರೆ. ನನಗೆ ಆ ಜಾಗದಲ್ಲಿ ನಗು ಬರುವುದಿಲ್ಲ, ಚೆಂದಕ್ಕೆ ಹಾಡುತ್ತಿದ್ದ ಮನುಷ್ಯನನ್ನು ಪೂರ್ತಿ ಹಾಡಲು ಬಿಡಬಾರದಿತ್ತಾ ಅನಿಸುತ್ತದೆ. ನೀವು ಎಸ್ಟೆಲ್ ಅವರ ಹಾಡು ಕೇಳಿ. ಅವರ ಕಂಠಕ್ಕೆ ಇದರ ದೋಷ ತಾಗುವುದಿಲ್ಲ.

ಪ್ರಶ್ನೆ: ಸರಿಯಾಗಿ ಹಾಡಲು ಬಾರದ ನಟರು ಹಾಡಿದರೆ ಕೇಳುವುದು ಹೇಗೆ?
(ಕಾರ್ಕಳದ ಸಂಗೀತ ಶಿಕ್ಷಕಿ)

ಉತ್ತರ: ಟೀಚರ್, ಶ್ರುತಿ ತಪ್ಪುವುದನ್ನು ಸಹಿಸಿಕೊಳ್ಳಿ ಅಂತ ನಿಮಗೆ ಹೇಳುವ ಧೈರ್ಯ ನನಗಿಲ್ಲ. ಆದರೆ ಬ್ರೇಡಿ ಬಂಚ್ ಮಕ್ಕಳ ಒಂದು ಹಾಡನ್ನು ನೀವು ಕೇಳಲೇಬೇಕು. 1972ರ ಜನವರಿಯಲ್ಲಿ ಬಂದ ಕಂತು. ಆರು ಮಕ್ಕಳು ಸೇರಿ ರೆಕಾರ್ಡು ಮಾಡಲು ಹೊರಡುತ್ತಾರೆ, ಸ್ಟುಡಿಯೋಕ್ಕೆ ದುಡ್ಡೂ ಕಟ್ಟಿಯಾಗಿದೆ, ಆಗ ನೋಡಿದರೆ ನಡುವಿನ ಹುಡುಗ ಪೀಟರ್‌ಗೆ ಸ್ವರ ಒಡೆಯಲು ಶುರು. ಅವನನ್ನು ಬಿಟ್ಟು ಹಾಡುವುದಾ? ದೊಡ್ಡಣ್ಣ ಸ್ವರ ಬದಲಾಗುವುದರ ಬಗ್ಗೆಯೇ ಹೊಸ ಹಾಡು ಬರೆಯುತ್ತಾನೆ. ಒಡೆದ ದನಿಗೆ ಅದರಲ್ಲಿ ಒಂದು ಜಾಗ ಕೊಡುತ್ತಾನೆ. ಆ ವಯಸ್ಸಿನ ಹುಡುಗರಿಗೆ ಪಾಠ ಹೇಳುವ ನಿಮಗೆ ಅದು ಎಷ್ಟು ಸರಿ ಅಂತ ಗೊತ್ತಾಗುತ್ತದೆ. ಅದೇ ಧಾರಾವಾಹಿಯ ಶೀರ್ಷಿಕೆ ಗೀತೆಯನ್ನು ಮೊದಲ ವರ್ಷ ಹೊರಗಿನ ತಂಡವೊಂದು ಹಾಡಿತ್ತು, ಎರಡನೇ ವರ್ಷದಿಂದ ಮಕ್ಕಳೇ ಹಾಡಿದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಮಕ್ಕಳದ್ದೇ ಚೆಂದ ಅಂತ ನಾನು ಹೇಳುತ್ತೇನೆ, ನೀವು ಒಪ್ಪದಿರಬಹುದು.

ಬ್ರಿಟಿಷ್ ನಟ ಕ್ಲೈವ್ ಡನ್ ಕೂಡ ದೊಡ್ಡ ಹಾಡುಗಾರರಲ್ಲ. ಡ್ಯಾಡ್ಸ್ ಆರ್ಮಿಯಲ್ಲಿ ಮುದುಕ ಕಾರ್ಪೊರಲ್ ಜೋನ್ಸ್ ಆದಾಗ ಅವರಿಗೆ ಐವತ್ತು ಕೂಡ ಆಗಿರಲಿಲ್ಲ. ಅದೇ ಮುದುಕನ ದನಿಯಲ್ಲಿ, ಹಿಂದೆ ಮಕ್ಕಳನ್ನು ಹಾಡಿಸಿಕೊಂಡು, ಅಜ್ಜನ ಬಗ್ಗೆ ಹಾಡಿದ ಹಾಡು 1971ರ ಜನವರಿಯಲ್ಲಿ ಮೂರು ವಾರ ಬ್ರಿಟನ್ನಿನಲ್ಲಿ ನಂಬರ್ ಒನ್. ಅಲ್ಲಿ ಹಾಡುವುದು ಪಾತ್ರ. ನಟ ತನ್ನ ಪಾತ್ರ ಬಿಟ್ಟು, ನಾನೂ ದೊಡ್ಡ ಗಾಯಕ ಅಂತ ತೋರಿಸಲು ಹೊರಟಾಗಲೇ ಈ ರೆಕಾರ್ಡುಗಳು ಸಾಮಾನ್ಯವಾಗಿ ಸಪ್ಪೆಯಾಗುವುದು. ಇದಕ್ಕೆ ಅಪವಾದ ಜಿಮ್ ನೇಬರ್ಸ್. ಟೀವಿಯಲ್ಲಿ ಗೋಮರ್ ಪೈಲ್ ಎಂಬ ಪೆದ್ದ ಸೈನಿಕನಾಗಿ ಎಳೆದೆಳೆದು ಮಾತಾಡುತ್ತಿದ್ದವರು ಹಾಡಲು ನಿಂತರೆ ಬ್ಯಾರಿಟೋನ್ ಎಂಬ ತಗ್ಗಿನ, ತುಂಬು ದನಿ. 1972ರಿಂದ 2014ರವರೆಗೆ ಇಂಡಿಯಾನಾಪೊಲಿಸ್ ಕಾರ್ ರೇಸಿಗೆ ಮುಂಚೆ ಹಾಡಲು ಅವರನ್ನು ಮತ್ತೆ ಮತ್ತೆ ಕರೆಯುತ್ತಿದ್ದರು.

ಪ್ರಶ್ನೆ: ಮಳೆಗಾಲದಲ್ಲಿ ರೆಕಾರ್ಡುಗಳಿಗೆ ಬೂಷ್ಟು ಹಿಡಿಯುತ್ತದೆ. ಅತ್ತೆ ಬಿಸಿಲಿಗೆ ಹಾಕು ಅನ್ನುತ್ತಾರೆ. ಹಾಕಬಹುದಾ?
(ಸುರತ್ಕಲ್‌ನ ಗೃಹಿಣಿ)

ಉತ್ತರ: ಬೇಡವೇ ಬೇಡ. ಹಪ್ಪಳ, ಸಂಡಿಗೆ, ಹಾಸಿಗೆ ಎಲ್ಲ ಹಾಕಿ, ರೆಕಾರ್ಡು ಹಾಕಬೇಡಿ. ರೆಕಾರ್ಡಿನ ವಿನೈಲ್ ಪ್ಲಾಸ್ಟಿಕ್ ಬಿಸಿಲಿಗೆ ಸೊಟ್ಟಗಾಗುತ್ತದೆ, ಮತ್ತೆ ನೆಟ್ಟಗಾಗುವುದು ಕಷ್ಟ. ಅತ್ತೆಯವರಿಗೆ ಕವರನ್ನು ಕೊಡಿ, ನೆರಳಿನಲ್ಲಿ ಗಾಳಿಗೆ ಇಡಲಿ, ಸಾಕು.

ಬೂಷ್ಟು ಒರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ನಮ್ಮ ಬಾವಿ ನೀರು, ನಳ್ಳಿ ನೀರು ಬೇಡ, ಒಣಗಿದ ಮೇಲೆ ಸೂಜಿ ಓಡುವ ಗೀರಿನೊಳಗೆ ಬಿಳಿ ಕಲೆ ಉಳಿಯುತ್ತದೆ. ಆಮೇಲೆ ನೂಲು ಬಿಡದ ಮೆತ್ತಗಿನ ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, ಗೀರುಗಳು ಸುತ್ತುವ ದಿಕ್ಕಿನಲ್ಲೇ ಮೆಲ್ಲ ಒರೆಸಿ. ಅಡ್ಡ ಉಜ್ಜಬೇಡಿ. ನಡುವಿನ ಲೇಬಲ್ಲಿಗೆ ನೀರು ತಾಗಿದರೆ ಹೆಸರೇ ಅಳಿಸಿ ಹೋದೀತು, ಅದರ ಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಮುಚ್ಚಳ ಒತ್ತಿ ಹಿಡಿದುಕೊಳ್ಳಿ. ನಿಮ್ಮಲ್ಲಿ ಹಳೆಯ 78 ಸ್ಪೀಡಿನ (ನಿಮಿಷಕ್ಕೆ 78 ಸುತ್ತು ತಿರುಗುವ) ರೆಕಾರ್ಡು ಇದ್ದರೆ ಅದಕ್ಕೆ ಸ್ಪಿರಿಟ್ ಯಾವತ್ತೂ ಮುಟ್ಟಿಸಬೇಡಿ. ಅದು ಅರಗಿನದ್ದು, ಸ್ಪಿರಿಟ್ಟಿಗೆ ಕರಗುತ್ತದೆ. 78ಕ್ಕೆ ಸೂಜಿಯೂ ಬೇರೆ, ದಪ್ಪದ್ದು ಬೇಕು. ಎಲ್‌ಪಿಯ ಸಣ್ಣ ಸೂಜಿ ಅದರ ಅಗಲದ ಗೀರಿನ ತಳಕ್ಕೆ ಇಳಿದು ಬರೀ ಕರಕರ ಅನ್ನುತ್ತದೆ.

ಇಡುವಾಗ ಪುಸ್ತಕದ ಹಾಗೆ ನಿಲ್ಲಿಸಿ ಇಡಿ, ಒಂದರ ಮೇಲೆ ಒಂದು ಪೇರಿಸಬೇಡಿ. ಹಂಚಿನ ಮಾಡಿನ ಕೆಳಗಿನ ಅಟ್ಟ ಬೇಡ. ಏಪ್ರಿಲ್‌ನಲ್ಲಿ ಸೆಕೆ, ಜುಲೈನಲ್ಲಿ ಥಂಡಿ, ಎರಡೂ ಅಲ್ಲೇ ಜಾಸ್ತಿ.

ಪ್ರಶ್ನೆ: ಕನ್ನಡದಲ್ಲಿ ಇಂಥ ರೆಕಾರ್ಡು ಯಾಕೆ ಬರಲಿಲ್ಲ? ನಮ್ಮಲ್ಲಿ ಹಾಸ್ಯ ನಟರಿಗೆ ಬರವಿಲ್ಲ, ಹಾಡಿಗೂ ಬರವಿಲ್ಲ.
(ಪುತ್ತೂರಿನ ಓದುಗರು)

ಉತ್ತರ: ಹೊತ್ತು ಕೂಡಿ ಬರಲಿಲ್ಲ. ಉದಯ ಟೀವಿ ಶುರುವಾದದ್ದು 1994ರಲ್ಲಿ. ಮನೆ ಮನೆಯಲ್ಲಿ ಕನ್ನಡ ಹಾಸ್ಯ ಧಾರಾವಾಹಿ ನೋಡುವ ಕಾಲಕ್ಕೆ ಎಲ್‌ಪಿಯ ಕಾಲ ಮುಗಿದಿತ್ತು. ಜೊತೆಗೆ ನಮಗೆ ಹಿನ್ನೆಲೆ ಗಾಯನದ ಅಭ್ಯಾಸ ಎಷ್ಟು ಗಟ್ಟಿ ಅಂದರೆ, ಶೀರ್ಷಿಕೆ ಗೀತೆ ಅಂದ ತಕ್ಷಣ ಒಬ್ಬ ಗಾಯಕರನ್ನು ಕರೆಸುತ್ತೇವೆ. 1984ರಲ್ಲಿ ದೂರದರ್ಶನದಲ್ಲಿ ಹೆಸರಾದ ಹಿಂದಿ ಹಾಸ್ಯ ಧಾರಾವಾಹಿ ಯೇ ಜೋ ಹೈ ಜಿಂದಗಿಯ ಶೀರ್ಷಿಕೆ ಗೀತೆ ಹಾಡಿದ್ದು ಕಿಶೋರ್ ಕುಮಾರ್. ಒಳ್ಳೆಯ ಹಾಡೇ. ಆದರೆ ನಟಿಸಿದವರೇ ಸೇರಿ ಹಾಡಿದ್ದರೆ ಹೇಗಿರುತ್ತಿತ್ತು ಅಂತ ನನಗೆ ಆಸೆ.

ನಮ್ಮ ಜಿಲ್ಲೆಯಲ್ಲಿ ಆ ಜಾಗ ತುಂಬಿದ್ದು ಟೀವಿಯವರಲ್ಲ. ರಂಗಸ್ಥಳದವರು, ವೇದಿಕೆಯವರು. ಕೊಂಕಣಿಯಲ್ಲಿ ವಿಲ್ಫಿ ರೆಬಿಂಬಸ್ ತಾವೇ ಬರೆದು, ರಾಗ ಹಾಕಿ, ಹೆಂಡತಿ ಮೀನಾ ಅವರ ಜೊತೆ ಹಾಡುತ್ತಿದ್ದರು. ನಗಿಸುವ ಹಾಡೂ ಇತ್ತು, ಅಳಿಸುವ ಹಾಡೂ ಇತ್ತು. 2010ರಲ್ಲಿ ಹೋದರು. ಅವರ ಹಾಡನ್ನು ಯಾರು ಹಾಡಿದ್ದು ಅಂತ ಮಂಗಳೂರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ತುಳು ಹಾಸ್ಯ ನಾಟಕಗಳು ಕ್ಯಾಸೆಟ್ಟಿನಲ್ಲಿ ಬಂದವು, ಆಮೇಲೆ ಸಿಡಿಯಲ್ಲಿ. ಗಲ್ಫಿಗೆ ಹೋಗುವವರ ಬ್ಯಾಗಿನಲ್ಲಿ ಉಪ್ಪಿನಕಾಯಿ ಜೊತೆ ಒಂದೆರಡು ಇರುತ್ತಿದ್ದವು. ವೇಷ ಕಾಣದು, ಮುಖ ಕಾಣದು, ಬರೀ ಮಾತು, ನಡುವೆ ಒಂದು ಹಾಡು. ಅಲ್ಲಿ ರೂಮಿನಲ್ಲಿ ಹಾಕಿ ಕೇಳಿ ನಗುತ್ತಿದ್ದರು. ಅಮೆರಿಕದವರು ಎಲ್‌ಪಿಯಿಂದ ಪಡೆದದ್ದು ಇದನ್ನೇ ಅಲ್ವಾ?

ಒಂದೇ ವ್ಯತ್ಯಾಸ. ಆ ಕ್ಯಾಸೆಟ್ಟುಗಳ ಒಳಗಿನ ಕಾಗದ ತೆಗೆದು ನೋಡಿ. ನಾಟಕದ ಹೆಸರು, ಬರೆದವರ ಹೆಸರು ಇರುತ್ತದೆ. ಸಣ್ಣ ಪಾತ್ರ ಮಾಡಿದವರದ್ದು, ಹಾಡಿದವರದ್ದು, ಹಾರ್ಮೋನಿಯಂ ನುಡಿಸಿದವರದ್ದು ಎಷ್ಟೋ ಕಡೆ ಇಲ್ಲ. ನಿಮ್ಮ ಮನೆಯಲ್ಲಿ ಅಂಥದ್ದು ಇದ್ದರೆ, ಆ ನಾಟಕ ಕಣ್ಣಾರೆ ನೋಡಿದ ಹಿರಿಯರು ಇದ್ದರೆ, ಅವರ ಹತ್ತಿರ ಕೂತು ಒಂದು ಸಲ ಹಾಕಿ ಕೇಳಿಸಿ. ಈ ಸ್ವರ ಯಾರದ್ದು, ಆ ಸ್ವರ ಯಾರದ್ದು ಅಂತ ಕೇಳಿ, ಅದೇ ಕಾಗದದ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ. ಪೆನ್ನು ಬೇಡ, ಥಂಡಿಗೆ ಶಾಯಿ ಹರಡುತ್ತದೆ. ನಿಮಗೆ ಗೊತ್ತಾದ ಹೆಸರುಗಳನ್ನು ನಮಗೂ ಬರೆಯಿರಿ, ಪ್ರಕಟಿಸೋಣ.

ಪ್ರಶ್ನೆ: ನನ್ನ ಹತ್ತಿರ ಇರುವ ಅಮೆರಿಕದ ಸಣ್ಣ ರೆಕಾರ್ಡಿನ ನಡುವೆ ದೊಡ್ಡ ತೂತು. ಪ್ಲೇಯರಿನ ಕಡ್ಡಿಗೆ ಕೂರುವುದೇ ಇಲ್ಲ. ಹಾಳಾಗಿದೆಯಾ?
(ಕಾಪುವಿನ ಓದುಗರು)

ಉತ್ತರ: ಇಲ್ಲ ಇಲ್ಲ, ಅದು ಇರುವುದೇ ಹಾಗೆ. 1949ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ 45 ಸ್ಪೀಡಿನ ರೆಕಾರ್ಡು ತಂದಾಗ ಒಂದೂವರೆ ಇಂಚಿನ ತೂತು ಇಟ್ಟಿತ್ತು. ನಡುವೆ ಕೂರಿಸಲು ಪ್ಲಾಸ್ಟಿಕ್ಕಿನ ಒಂದು ಸಣ್ಣ ಬಿಲ್ಲೆ ಸಿಗುತ್ತದೆ, 45ರ ಅಡಾಪ್ಟರ್ ಅಂತ ಕೇಳಿ. ರೆಕಾರ್ಡ್ ಪ್ಲೇಯರ್ ರಿಪೇರಿ ಮಾಡುವವರ ಹತ್ತಿರ ಇರುತ್ತದೆ. ಅದು ಸಿಗುವವರೆಗೆ ರಟ್ಟು ಕತ್ತರಿಸಿ ಕೂರಿಸಲು ಹೋಗಬೇಡಿ, ನಡು ಒಂದು ಕೂದಲೆಳೆ ಆಚೀಚೆ ಆದರೂ ಸ್ವರ ಅಲೆದಾಡುತ್ತದೆ. ಹಾಕುವ ಮೊದಲು ಸ್ಪೀಡು 45ಕ್ಕೆ ತಿರುಗಿಸಿಕೊಳ್ಳಿ.